ಅಶ್ವಗಂಧ, ಗೋಧಿಹಿಟ್ಟು ಮತ್ತು 48 ದಿನ

ಮೈಸೂರಿನ ಸಂತೇಪೇಟೆಯಲ್ಲಿ ನಮ್ಮದೊಂದು ಗ್ರಂಧಿಗೆ ಅಂಗಡಿ ಇತ್ತು. ತಾತ ಹಾಕಿದ್ದು, ಅಪ್ಪ ನಡೆಸಿದ್ದು. ಬಾಣಂತಿ ಖಾರದ ಸಾಮಾನು, ಮದುವೆಮನೆಗೆ ಅರಿಶಿನದ ಕೊಂಬು, ಕೆಮ್ಮಿಗೆ ಹಿಪ್ಪಲಿ, ಎಳೆಗೂಸಿಗೆ ತೇಯಲು ಬಜೆ, ತಲೆಗೆ ಸೀಗೆ, ಹೋಮಕ್ಕೆ ಸಮಿತ್ತು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲೇ ಗೋಣಿಚೀಲದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ, ತುದಿಯನ್ನು ಹಲ್ಲಿಗೆ ಕೊಡದೆ ಬೆರಳಲ್ಲೇ ಕತ್ತರಿಸುವುದನ್ನು ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಕಲಿತಿದ್ದೆ.

ಸಂಜೆ ಹೊತ್ತು ಒಂದು ಬಗೆಯ ಗಿರಾಕಿ ಬರುತ್ತಿದ್ದರು. ಮೆಟ್ಟಿಲ ಮುಂದೆ ನಿಂತು, ಒಳಗಿರುವ ಹೆಂಗಸರೆಲ್ಲ ಸಾಮಾನು ತಗೊಂಡು ಹೋಗುವವರೆಗೆ ಬೀದಿ ನೋಡುತ್ತಾ ಇರುವವರು. ಆಮೇಲೆ ಒಳಗೆ ಬಂದು ನೂರು ಗ್ರಾಂ ಜೀರಿಗೆ ಕೇಳುವರು. ಅದನ್ನು ಕಟ್ಟಿಸಿಕೊಂಡು ದುಡ್ಡು ಎಣಿಸುವಾಗ, ಈಗಷ್ಟೇ ನೆನಪಾದಂತೆ, "ಹಾಗೇ ಒಂದು ಕಾಲು ಕೇಜಿ ಅಶ್ವಗಂಧ" ಅನ್ನುವರು. ಆ ಮಾತು ಕಿವಿಗೆ ಬಿದ್ದ ಕೂಡಲೇ ಅಪ್ಪ ನನ್ನನ್ನು ಕಾಫಿ ತರಲು ಕಳಿಸುತ್ತಿದ್ದರು. ಫ್ಲಾಸ್ಕ್ ಹಿಡಿದು ಹೋಟೆಲಿಗೆ ಹೋಗಿ ವಾಪಸು ಬಂದಾಗ ಆ ಮನುಷ್ಯ ಸ್ಟೂಲಿನ ಮೇಲೆ ಕೂತಿರುತ್ತಿದ್ದ, ಅಪ್ಪ ತಗ್ಗಿದ ದನಿಯಲ್ಲಿ ಏನೋ ಕೇಳುತ್ತಿದ್ದರು. ಯಾಕೆ ನನ್ನನ್ನು ಕಳಿಸುತ್ತಾರೆ ಅನ್ನುವುದು ಅರ್ಥವಾಗುವ ಹೊತ್ತಿಗೆ ನಾನು ಪಿಯುಸಿ ಮುಗಿಸಿದ್ದೆ.

ಅಪ್ಪನ ಪ್ರಶ್ನೆಗಳು ಯಾವಾಗಲೂ ಅವೇ. ರಾತ್ರಿ ನಿದ್ದೆ ಬರುತ್ತದಾ? ಸಾಲ ಏನಾದರೂ ಇದೆಯಾ? ಬೀಡಿ ಎಷ್ಟು, ಕುಡಿತ ಎಷ್ಟು? ಮನೆಯಲ್ಲಿ ಮಾತುಕತೆ ಸರಿಯಾಗಿದೆಯಾ? ಇಷ್ಟು ಕೇಳಿದ ಮೇಲೆಯೇ ತಕ್ಕಡಿ ಮುಟ್ಟುತ್ತಿದ್ದರು. ಬೇರನ್ನು ಕುಟ್ಟಿಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಪುಡಿ. ರಾತ್ರಿ ಮಲಗುವ ಮುಂಚೆ ಬಿಸಿ ಹಾಲಿನಲ್ಲಿ ಒಂದು ಚಮಚ, ಒಂದು ಮಂಡಲ, ಅಂದರೆ 48 ದಿನ. ಅಷ್ಟು ದಿನ ಕುಡಿಯುವ ಹಾಗಿಲ್ಲ, ಬೀಡಿ ಸೇದುವ ಹಾಗಿಲ್ಲ, ಹತ್ತು ಗಂಟೆಗೆಲ್ಲ ಮಲಗಬೇಕು, ಮನೆಯಲ್ಲಿ ಜಗಳ ಮಾಡಬಾರದು. "ಮುಗಿದ ಮೇಲೆ ಬಂದು ಹೇಳಿ ಸ್ವಾಮಿ" ಎಂದು ಕಳಿಸುತ್ತಿದ್ದರು. ಎಷ್ಟೋ ಜನ ಬಂದು ಹೇಳುತ್ತಲೂ ಇದ್ದರು. ಮುಖ ನೋಡಿದರೇ ತಿಳಿಯುತ್ತಿತ್ತು. ಅಶ್ವಗಂಧ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿದ್ದ ಸಾಕ್ಷಿ ಆ ಮುಖಗಳೇ.

ನಾನು ಬಿ.ಫಾರ್ಮ್ ಮಾಡಿ ಸ್ವಂತ ಮೆಡಿಕಲ್ ಶಾಪ್ ಹಾಕಿ 21 ವರ್ಷವಾಯಿತು. ಈ ಬರಹಕ್ಕೆ ಕಾರಣ ಅಂಗಡಿಯಲ್ಲ, ನನ್ನ ಚಿಕ್ಕಪ್ಪ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಚಿಕ್ಕಪ್ಪನಿಗೆ 49 ವರ್ಷವಿದ್ದಾಗ ಶುರುವಾದ ತೊಂದರೆ ಇದು. ಡಾಕ್ಟರರ ಭಾಷೆಯಲ್ಲಿ ನಿಮಿರು ದೌರ್ಬಲ್ಯ. ಗೋಡೆಯ ಮೇಲಿನ ಪೋಸ್ಟರಿನ ಭಾಷೆಯಲ್ಲಿ ನರ ದೌರ್ಬಲ್ಯ. ಅವರ ಅಣ್ಣ ಗ್ರಂಧಿಗೆ ಅಂಗಡಿಯವರು, ಅಣ್ಣನ ಮಗ ಫಾರ್ಮಸಿಸ್ಟು. ಆದರೂ ನಮ್ಮಿಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ನಾವೇ ಆದ್ದರಿಂದಲೇ ಬಿಡಲಿಲ್ಲ ಅನ್ನಬೇಕೇನೋ. ಟಿವಿಯಲ್ಲಿ ರಾತ್ರಿ ಬರುವ ಜಾಹೀರಾತು ನೋಡಿ ಪೋಸ್ಟಿನಲ್ಲಿ ಒಂದು ಲೇಹ್ಯ ತರಿಸಿಕೊಂಡರು. ಮೂರು ವರ್ಷ, ಡಬ್ಬಿ ಮೇಲೆ ಡಬ್ಬಿ. 52ನೇ ವಯಸ್ಸಿನಲ್ಲಿ ಒಂದು ಬೆಳಗಿನ ಜಾವ ಎದೆ ಹಿಂಡಿದ ಹಾಗಾಗಿ ಆಸ್ಪತ್ರೆಗೆ ಸೇರಿಸಿದಾಗ ಎರಡು ರಕ್ತನಾಳ ಮುಚ್ಚಿಹೋಗಿದ್ದವು, ಸಕ್ಕರೆ 300ರ ಮೇಲಿತ್ತು. ಸಕ್ಕರೆ ಕಾಯಿಲೆ ಇದೆ ಎನ್ನುವುದೇ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಸ್ಟೆಂಟ್ ಹಾಕಿದ ಮೇಲೆ ಹೃದಯದ ಡಾಕ್ಟರು ನಮ್ಮನ್ನೆಲ್ಲ ಹೊರಗೆ ಕಳಿಸಿ ಅವರನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, ಗಂಡ ಹೆಂಡತಿ ಸಂಬಂಧದಲ್ಲಿ ಎಷ್ಟು ವರ್ಷದಿಂದ ತೊಂದರೆ ಇತ್ತು ಎನ್ನುವುದಾಗಿತ್ತು.

ಆ ಡಾಕ್ಟರು ಯಾಕೆ ಹಾಗೆ ಕೇಳಿದರು ಎಂದು ನನಗೆ ಗೊತ್ತಿತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮನೆಯೊಳಗೇ ನಡೆಯುತ್ತಿದ್ದಾಗ ಮಾತ್ರ ಕಾಣಲಿಲ್ಲ.

ನಿಮಿರುವಿಕೆ ಅನ್ನುವುದು ಮುಖ್ಯವಾಗಿ ರಕ್ತ ಹರಿಯುವ ಕೆಲಸ. ಮನಸ್ಸಿಗೆ ಆಸೆ ಹುಟ್ಟಿದಾಗ ನರಗಳ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದು ನಾಳದ ಗೋಡೆಯ ಸ್ನಾಯುವನ್ನು ಸಡಿಲ ಮಾಡುತ್ತದೆ, ನಾಳ ಹಿಗ್ಗಿ ರಕ್ತ ತುಂಬುತ್ತದೆ. ದೇಹದಲ್ಲಿ ಈ ಅನಿಲದ ಪಾತ್ರ ಏನೆಂದು ತೋರಿಸಿಕೊಟ್ಟ ಫರ್ಶ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಶಿಶ್ನದ ರಕ್ತನಾಳ 1ರಿಂದ 2 ಮಿಲಿಮೀಟರ್ ಅಗಲ, ಹೃದಯದ್ದು 3ರಿಂದ 4. ಸಕ್ಕರೆ, ಬಿಪಿ, ಹೊಗೆಸೊಪ್ಪು, ಕೊಬ್ಬು ನಾಳಗಳನ್ನು ಕೆಡಿಸುವಾಗ ಸಣ್ಣ ನಾಳ ಮೊದಲು ಸೋಲುತ್ತದೆ. ಎದೆನೋವು ಕಾಣಿಸಿಕೊಳ್ಳಲು ಎರಡು ಮೂರು ವರ್ಷ ಇರುವಾಗಲೇ ಹಾಸಿಗೆಯಲ್ಲಿ ಸೂಚನೆ ಬಂದಿರುತ್ತದೆ. ಸಕ್ಕರೆ ಕಾಯಿಲೆ ಇರುವ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ ಈ ತೊಂದರೆ ಇದೆ. ಚಿಕ್ಕಪ್ಪನ ದೇಹ ಮೂರು ವರ್ಷ ಮುಂಚೆ ಕೂಗಿ ಹೇಳಿತ್ತು. ಆ ಕೂಗಿಗೆ ಲೇಹ್ಯದ ಡಬ್ಬಿ ಉತ್ತರವಾಯಿತು.

ಆಸ್ಪತ್ರೆಯಿಂದ ಅವರು ಮನೆಗೆ ಬಂದ ಮೇಲೆ ನಾನು ಓದತೊಡಗಿದೆ. ಆ ಲೇಹ್ಯದ ಡಬ್ಬಿಯ ಮೇಲಿದ್ದ ಒಂದೊಂದು ಮೂಲಿಕೆಯ ಹೆಸರು ಹಿಡಿದು, ಮನುಷ್ಯರ ಮೇಲೆ ಏನು ಪರೀಕ್ಷೆ ನಡೆದಿದೆ ಎಂದು ಹುಡುಕಿದೆ. ಸಿಟ್ಟಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪನ ಅಂಗಡಿಯ ಮೇಲೂ ಒಂದು ಪಾಲು ಸಿಟ್ಟಿತ್ತು.

ಮೊದಲು ಸಿಕ್ಕಿದ್ದು ಜಾಮ್‌ನಗರದ ಗುಜರಾತ್ ಆಯುರ್ವೇದ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ. 2011ರಲ್ಲಿ 'ಆಯು' ಎಂಬ ಅವರದೇ ಪತ್ರಿಕೆಯಲ್ಲಿ ಪ್ರಕಟವಾದದ್ದು. ಮನಸ್ಸಿನ ಕಾರಣದಿಂದ ನಿಮಿರು ದೌರ್ಬಲ್ಯ ಬಂದಿದ್ದ 95 ಗಂಡಸರನ್ನು ಆರಿಸಿಕೊಂಡರು. 86 ಮಂದಿ ಕೊನೆಯವರೆಗೆ ಉಳಿದರು. 41 ಜನಕ್ಕೆ ಅಶ್ವಗಂಧದ ಬೇರಿನ ಪುಡಿ, 45 ಜನಕ್ಕೆ ಹೋಲಿಸಿ ನೋಡಲೆಂದು ಬರೀ ಗೋಧಿಹಿಟ್ಟು. 60 ದಿನ. ಆಮೇಲೆ ಜಗತ್ತಿನಲ್ಲೆಲ್ಲ ಬಳಸುವ ಒಂದು ಪ್ರಶ್ನಾವಳಿ ಇಟ್ಟುಕೊಂಡು ಅಳೆದರು. ಅಶ್ವಗಂಧ ತಗೊಂಡವರಲ್ಲಿ ಶೇ. 12.6ರಷ್ಟು ಸುಧಾರಣೆ. ಗೋಧಿಹಿಟ್ಟು ತಗೊಂಡವರಲ್ಲಿ ಶೇ. 19.11. ಎರಡರ ನಡುವಿನ ಅಂತರಕ್ಕೆ ಲೆಕ್ಕಶಾಸ್ತ್ರದಲ್ಲಿ ಬೆಲೆಯಿಲ್ಲ, ಅಂದರೆ ಹಿಟ್ಟು ಗೆದ್ದಿತು ಎಂದೂ ಹೇಳುವಂತಿಲ್ಲ. ಅಶ್ವಗಂಧ ಹಿಟ್ಟಿಗಿಂತ ಮೇಲಲ್ಲ ಎಂದಷ್ಟೇ ಹೇಳಬಹುದು, ಅವರು ಅದನ್ನೇ ಬರೆದರು.

ಇದನ್ನು ಬರೆದವರು ಆಯುರ್ವೇದವನ್ನೇ ಓದಿದವರು, ಆಯುರ್ವೇದದ ಸಂಸ್ಥೆಯಲ್ಲೇ ಇದ್ದವರು. ಸಾವಿರಾರು ವರ್ಷದ ಹೆಸರಿರುವ ಒಂದು ಬೇರು ಗೋಧಿಹಿಟ್ಟಿನ ಮುಂದೆ ನಿಲ್ಲಲಿಲ್ಲ ಎಂದು ತಮ್ಮದೇ ಪತ್ರಿಕೆಯಲ್ಲಿ ಅಚ್ಚು ಹಾಕಿಸಲು ಬೇಕಾದ ಪ್ರಾಮಾಣಿಕತೆ ದೊಡ್ಡದು. ಮೂಲಿಕೆಗಳ ಮೇಲೆ ಗೌರವ ಇಟ್ಟುಕೊಳ್ಳುವುದು ಹೇಗೆ ಎಂದು ನನಗೆ ಆ ಪ್ರಬಂಧ ಕಲಿಸಿತು.

ಅಪ್ಪನಿಗೆ ಈಗ 81. ಅಂಗಡಿ ಮುಚ್ಚಿ ಬಹಳ ವರ್ಷವಾಗಿದೆ. ಒಂದು ಭಾನುವಾರ ಕೂತು ಅವರಿಗೆ ಇದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದೆ. ನೊಂದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಿಟ್ಟು ತಗೊಂಡೋರ್ನೂ 60 ದಿನ ಯಾರಾದ್ರೂ ಕೂರಿಸಿಕೊಂಡು ವಿಚಾರಿಸ್ತಿದ್ರೇನೋ?"

ವಿಚಾರಿಸುತ್ತಿದ್ದರು. ಪರೀಕ್ಷೆ ಎಂದರೆ ಅದೇ ತಾನೇ. ಯಾರ ಹತ್ತಿರವೂ ಹೇಳಿಕೊಳ್ಳದ ಮಾತನ್ನು ಒಬ್ಬ ವೈದ್ಯನ ಮುಂದೆ ಹೇಳಿಕೊಂಡು, ಅವನು ನಗದೆ ಕೇಳಿಸಿಕೊಂಡು, ಬರೆದುಕೊಂಡು, ಮತ್ತೆ ಬನ್ನಿ ಅನ್ನುವುದು. ಆ ಶೇ. 19 ಪೂರ್ತಿ ಅದರಿಂದಲೇ ಬಂತು ಎಂದು ನಾನು ವಾದಿಸುವುದಿಲ್ಲ. ತೊಂದರೆ ತೀರಾ ಹೆಚ್ಚಿದ್ದಾಗ ಜನ ವೈದ್ಯರ ಬಳಿ ಬರುತ್ತಾರೆ, ಎಷ್ಟೋ ಸಲ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಪುಡಿ ತಗೊಳ್ಳುತ್ತಿದ್ದೇನೆ ಎನ್ನುವ ಭರವಸೆಯೂ ಸೇರಿರುತ್ತದೆ. ಆದರೆ ಅಪ್ಪನ ಆ ಒಂದು ಪ್ರಶ್ನೆ ನಮ್ಮ ಅಂಗಡಿಯ ಸ್ಟೂಲನ್ನು ನನಗೆ ಮತ್ತೆ ತೋರಿಸಿತು. ಅಲ್ಲಿ ಕೊಡುತ್ತಿದ್ದದ್ದರಲ್ಲಿ ಪೊಟ್ಟಣ ಒಂದು ಭಾಗ. 48 ದಿನದ ಕಟ್ಟುಪಾಡು ಇನ್ನೊಂದು ಭಾಗ. ಆ ಎರಡನೆಯದಕ್ಕೆ ಒಳ್ಳೆಯ ಪುರಾವೆ ಇದೆ. ಇಟಲಿಯ ನೇಪಲ್ಸ್‌ನಲ್ಲಿ ದಪ್ಪಗಿದ್ದು ಈ ತೊಂದರೆಯೂ ಇದ್ದ 110 ಗಂಡಸರಿಗೆ ಎರಡು ವರ್ಷ ಒಂದು ಪರೀಕ್ಷೆ ಮಾಡಿದರು, 2004ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ತೂಕ ಇಳಿಸಲು, ನಡೆಯಲು, ಊಟ ಬದಲಿಸಲು ಕೈಹಿಡಿದು ಕಲಿಸಿದರು. ಉಳಿದರ್ಧಕ್ಕೆ ಸಾಮಾನ್ಯ ಸಲಹೆ ಮಾತ್ರ. ಕಲಿತ 55 ಜನರಲ್ಲಿ 17 ಮಂದಿ ಮೊದಲಿನಂತಾದರು. ಇನ್ನೊಂದು ಗುಂಪಿನಲ್ಲಿ ಮೂರು ಮಂದಿ. ಯಾವ ಬೇರೂ ಇಲ್ಲ, ಯಾವ ಮಾತ್ರೆಯೂ ಇಲ್ಲ.

ಅಶ್ವಗಂಧದ ಕಥೆ ಅಲ್ಲಿಗೇ ಮುಗಿಯಲಿಲ್ಲ, ಅದನ್ನೂ ಹೇಳಬೇಕು. 2012ರಲ್ಲಿ 64 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಬೇರಿನ ಸಾರ ಕೊಟ್ಟವರಿಗೆ ಮನಸ್ಸಿನ ಒತ್ತಡ, ರಕ್ತದಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಎರಡೂ ಇಳಿದವು. 2013ರಲ್ಲಿ ವೀರ್ಯಾಣು ಕಡಿಮೆಯಿದ್ದ 46 ಗಂಡಸರ ಮೇಲಿನ ಒಂದು ಪರೀಕ್ಷೆಯಲ್ಲಿ 90 ದಿನದ ಬಳಿಕ ವೀರ್ಯಾಣುಗಳ ಸಂಖ್ಯೆ ಗಣನೀಯವಾಗಿ ಏರಿತು. ಸಣ್ಣ ಪರೀಕ್ಷೆಗಳು, ಆದರೂ ತಳ್ಳಿಹಾಕುವಂಥವಲ್ಲ. ನಮ್ಮ ಜನ ಕಲಸಿಕೊಳ್ಳುವುದು ಇಲ್ಲೇ. ವೀರ್ಯಾಣುಗಳ ಎಣಿಕೆ ಬೇರೆ, ಆಸೆ ಬೇರೆ, ನಿಮಿರುವುದು ಬೇರೆ, ಶೀಘ್ರ ಸ್ಖಲನ ಬೇರೆ. ಒಂದರ ಪುರಾವೆ ತಂದು ಇನ್ನೊಂದಕ್ಕೆ ಅಂಟಿಸಿ, ಎಲ್ಲಕ್ಕೂ 'ಪುರುಷ ಶಕ್ತಿ' ಎಂದು ಹೆಸರಿಟ್ಟು ಮಾರುತ್ತಾರೆ. ಮತ್ತೆ, ಗಿಡದ ಬೇರು ತಾನೇ, ನಿರಪಾಯ ಎಂದು ತಿಳಿಯಬೇಡಿ. ಅಶ್ವಗಂಧದ ಸಾರ ತಗೊಂಡು ಕಾಮಾಲೆಯಾದ, ಯಕೃತ್ತಿಗೆ ಪೆಟ್ಟಾದ ರೋಗಿಗಳನ್ನು ಐಸ್‌ಲೆಂಡ್, ಅಮೆರಿಕ, ನಮ್ಮ ದೇಶದ ವೈದ್ಯರೂ ವರದಿ ಮಾಡಿದ್ದಾರೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಅಂಥವರು ವಿರಳ, ಆದರೆ ಇದ್ದಾರೆ. ಮೊದಲೇ ಯಕೃತ್ತಿನ ತೊಂದರೆ ಇರುವವರು, ಥೈರಾಯ್ಡ್ ಮಾತ್ರೆ ನುಂಗುವವರು ಕೇಳಿಕೊಂಡೇ ಮುಟ್ಟಬೇಕು.

ಇನ್ನು ನೆಗ್ಗಿಲು. ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ಆ ಮುಳ್ಳೇ ಗೋಕ್ಷುರ. ಬಲ್ಗೇರಿಯಾದಲ್ಲಿ 180 ಗಂಡಸರಿಗೆ 12 ವಾರ ಕೊಟ್ಟಾಗ ಔಷಧವಿಲ್ಲದ ಖಾಲಿ ಮಾತ್ರೆಗಿಂತ ತುಸು ಮೇಲಾಯಿತು ಎಂದು 2017ರಲ್ಲಿ ಬರೆದರು. ಬ್ರೆಜಿಲ್‌ನಲ್ಲಿ 30 ಜನಕ್ಕೆ ದಿನಕ್ಕೆ 800 ಮಿಲಿಗ್ರಾಂನಂತೆ 30 ದಿನ ಕೊಟ್ಟಾಗ ಏನೂ ಆಗಲಿಲ್ಲ. ಜಿಮ್ ಹುಡುಗರು ಅದನ್ನು ಟೆಸ್ಟೋಸ್ಟೆರಾನ್ ಏರಿಸುತ್ತದೆ ಎಂದು ನಂಬಿ ಕೊಳ್ಳುತ್ತಾರೆ; ಮನುಷ್ಯರ ಪರೀಕ್ಷೆಗಳಲ್ಲಿ ಆ ನಂಬಿಕೆ ನಿಂತಿಲ್ಲ. ನಸುಗುನ್ನಿ, ಮೈಗೆ ತಾಗಿದರೆ ಗಂಟೆಗಟ್ಟಲೆ ತುರಿಸುವ ಕಾಯಿ, ಅದರ ಬೀಜದಲ್ಲಿ ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಎಲ್-ಡೋಪಾ ನಿಜವಾಗಿಯೂ ಇದೆ. ಮಕ್ಕಳಾಗದ 75 ಗಂಡಸರಿಗೆ ಮೂರು ತಿಂಗಳು ಕೊಟ್ಟು ವೀರ್ಯದ ಗುಣ ಸುಧಾರಿಸಿತು ಎಂದು ನಮ್ಮ ದೇಶದ ಸಂಶೋಧಕರು ಬರೆದಿದ್ದಾರೆ. ಆದರೆ ಹೋಲಿಸಿದ್ದು ಆರೋಗ್ಯವಂತರ ಜೊತೆ. ಖಾಲಿ ಮಾತ್ರೆ ನುಂಗಿದವರ ಜೊತೆ ಹೋಲಿಸಿಲ್ಲ. ಜಾಮ್‌ನಗರದ ಗೋಧಿಹಿಟ್ಟನ್ನು ನೋಡಿದ ಮೇಲೆ ಆ ಕೊರತೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕೊರಿಯಾದ ಕೆಂಪು ಜಿನ್ಸೆಂಗ್ ನಮ್ಮ ಬೇರಲ್ಲ, ಆದರೆ ಈಗ ನಮ್ಮ ಊರಿನ ಕ್ಯಾಪ್ಸೂಲ್‌ಗಳಲ್ಲೂ ಅದು ಇರುತ್ತದೆ. ಹೆಚ್ಚು ಪರೀಕ್ಷೆಯಾದ ಮೂಲಿಕೆಗಳಲ್ಲಿ ಅದೂ ಒಂದು. ಒಂಬತ್ತು ಅಧ್ಯಯನ, 587 ಗಂಡಸರು, ಎಲ್ಲವನ್ನೂ ಒಟ್ಟುಗೂಡಿಸಿ 2021ರಲ್ಲಿ ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ತೂಗಿ ನೋಡಿತು. ಸುಮಾರು 30 ಅಂಕದ ಅಳತೆಯಲ್ಲಿ ಜಿನ್ಸೆಂಗ್ ತಂದ ಹೆಚ್ಚಳ ಮೂರೂವರೆ ಅಂಕ. ಮನುಷ್ಯನಿಗೆ ಅನುಭವಕ್ಕೆ ಬರುವಂತಾಗಲು ನಾಲ್ಕಾದರೂ ಬೇಕು. ಇದೆ, ಆದರೆ ಇಲ್ಲದಷ್ಟು. ಗಿಡದಿಂದ ಬಂದದ್ದರಲ್ಲಿ ಸ್ಪಷ್ಟವಾಗಿ ಕೆಲಸ ಮಾಡಿದ್ದು ಆಫ್ರಿಕಾದ ಒಂದು ಮರದ ತೊಗಟೆಯ ಯೋಹಿಂಬಿನ್. 1998ರಲ್ಲಿ ಏಳು ಪರೀಕ್ಷೆಗಳನ್ನು ಸೇರಿಸಿ ನೋಡಿದಾಗ ಅದು ಖಾಲಿ ಮಾತ್ರೆಗಿಂತ ಮೇಲೆಂದು ಕಂಡಿತು. ಅದೇ ತೊಗಟೆ ಬಿಪಿ ಏರಿಸುತ್ತದೆ, ಎದೆ ಡವಗುಟ್ಟಿಸುತ್ತದೆ, ಗಾಬರಿ ಹುಟ್ಟಿಸುತ್ತದೆ. ಗಾಬರಿಯಿಂದಲೇ ಸೋಲುತ್ತಿರುವ ಮನುಷ್ಯನಿಗೆ ಗಾಬರಿಯ ಮದ್ದು ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಇದರ ಪಕ್ಕದಲ್ಲಿ ಸಿಲ್ಡೆನಾಫಿಲ್, ಅಂದರೆ ವಯಾಗ್ರಾ, ಇಟ್ಟು ನೋಡಿ. ಎದೆನೋವಿಗೆಂದು ಇಂಗ್ಲೆಂಡಿನಲ್ಲಿ ಶುರುವಾಗಿ ಬೇರೆಯೇ ಕೆಲಸಕ್ಕೆ ಬಂದ ಆ ಮಾತ್ರೆಗೆ 1998ರ ಮಾರ್ಚ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಆ ವರ್ಷದ ಮುಖ್ಯ ಪರೀಕ್ಷೆಯಲ್ಲಿ ಮಾತ್ರೆ ತಗೊಂಡವರ ಪ್ರಯತ್ನಗಳಲ್ಲಿ ಶೇ. 69 ಸಫಲವಾದವು, ಖಾಲಿ ಮಾತ್ರೆಯವರಲ್ಲಿ ಶೇ. 22. ಇಲ್ಲೂ ಆ 22ನ್ನು ನೋಡಿ, ಮತ್ತೆ ಗೋಧಿಹಿಟ್ಟೇ. ಆದರೆ 69 ಮತ್ತು 22ರ ನಡುವೆ ಇರುವ ಅಂತರ ಯಾವ ಬೇರಿನ ಪರೀಕ್ಷೆಯಲ್ಲೂ ನನಗೆ ಕಂಡಿಲ್ಲ.

ಈ ಅಂತರ ಮೂಲಿಕೆ ಮಾರುವ ಕೆಲವರಿಗೂ ಚೆನ್ನಾಗಿ ಗೊತ್ತು. ಅದೇ ನನ್ನನ್ನು ರಾತ್ರಿ ಎಚ್ಚರವಿಡುವ ವಿಷಯ.

ನಾಲ್ಕು ವರ್ಷದ ಹಿಂದೆ ರಿಟೈರ್ ಆದ ಬಸ್ ಡ್ರೈವರ್ ಒಬ್ಬರು ನನ್ನ ಅಂಗಡಿಗೆ ತಲೆನೋವಿನ ಮಾತ್ರೆ ಕೇಳಿಕೊಂಡು ಬಂದರು. ವಾರದಲ್ಲಿ ಅದು ಮೂರನೇ ಸಲ. ಯಾವಾಗ ತಲೆನೋವು ಬರುತ್ತದೆ ಯಜಮಾನ್ರೇ ಎಂದೆ. ರಾತ್ರಿ, ಮುಖ ಬಿಸಿಯಾಗುತ್ತದೆ, ಮೂಗು ಕಟ್ಟುತ್ತದೆ, ಲೈಟು ಸ್ವಲ್ಪ ನೀಲಿಯಾಗಿ ಕಾಣುತ್ತದೆ ಅಂದರು. ನನ್ನ ಕೈ ಅಲ್ಲಿಗೇ ನಿಂತಿತು. ಅಂಗಡಿಯಲ್ಲಿದ್ದ ಹುಡುಗನನ್ನು ಕಾಫಿ ತರಲು ಕಳಿಸಿದೆ. ಅವರು ಜೇಬಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದರು: ಶುದ್ಧ ಗಿಡಮೂಲಿಕೆ, ಅಡ್ಡ ಪರಿಣಾಮವಿಲ್ಲ ಎಂದು ಬರೆದಿತ್ತು. ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ ಎಂದೆ. ಮುಕ್ಕಾಲು ಗಂಟೆ ಅಂದರು, ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅವರು ಹೇಳಿದ ಒಂದೊಂದು ಲಕ್ಷಣವೂ ಸಿಲ್ಡೆನಾಫಿಲ್‌ನದು. ಬೇರಿನ ಪುಡಿ ಮುಕ್ಕಾಲು ಗಂಟೆಯಲ್ಲಿ ಲೈಟನ್ನು ನೀಲಿ ಮಾಡುವುದಿಲ್ಲ. ಅದೇ ಮನುಷ್ಯ ಎರಡು ವರ್ಷದಿಂದ ನನ್ನ ಅಂಗಡಿಯಲ್ಲೇ ಸಾರ್ಬಿಟ್ರೇಟ್ ಕೊಳ್ಳುತ್ತಿದ್ದರು, ಎದೆ ಹಿಡಿದುಕೊಂಡಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳಲು.

ಸಾರ್ಬಿಟ್ರೇಟ್ ಕೂಡ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ರಕ್ತನಾಳ ಹಿಗ್ಗಿಸುವ ಔಷಧ. ಸಿಲ್ಡೆನಾಫಿಲ್ ಆ ಹಿಗ್ಗನ್ನು ಇಳಿಯಗೊಡುವುದಿಲ್ಲ. ಎರಡೂ ಒಟ್ಟಿಗೆ ಬಿದ್ದರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಅದಕ್ಕೇ ಡಾಕ್ಟರು ಸಿಲ್ಡೆನಾಫಿಲ್ ಬರೆಯುವ ಮುಂಚೆ ಹೃದಯದ ಮಾತ್ರೆ ಏನಾದರೂ ಇದೆಯಾ ಎಂದು ಕೇಳಿಯೇ ಕೇಳುತ್ತಾರೆ. ಶುದ್ಧ ಗಿಡಮೂಲಿಕೆ ಎಂದು ನಂಬಿದವರನ್ನು ಯಾರು ಕೇಳಬೇಕು? ನಾನು ಆ ಡಬ್ಬಿಯನ್ನು ಇಸಿದುಕೊಂಡು, ಅವರನ್ನು ಅದೇ ಸಂಜೆ ಅವರ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಇದು ಒಬ್ಬರ ಕಥೆ ಎಂದು ಬಿಡುವ ಹಾಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2007ರಿಂದ 2016ರವರೆಗೆ ಕಲಬೆರಕೆ ಎಂದು ಹಿಡಿದ ಪೂರಕ ಆಹಾರಗಳು 776. ಅವುಗಳಲ್ಲಿ 353 ಲೈಂಗಿಕ ಶಕ್ತಿಯ ಹೆಸರಿನಲ್ಲಿ ಮಾರಿದವು, ಅವುಗಳೊಳಗೆ ಅತಿ ಹೆಚ್ಚು ಸಿಕ್ಕಿದ್ದು ಸಿಲ್ಡೆನಾಫಿಲ್. 2008ರಲ್ಲಿ ಸಿಂಗಪುರದಲ್ಲಿ ನಡೆದದ್ದು ಇನ್ನೂ ಭಯಂಕರ. ಸಕ್ಕರೆ ಕಾಯಿಲೆಯೇ ಇಲ್ಲದ 150 ಜನ, ಒಬ್ಬರನ್ನು ಬಿಟ್ಟು ಎಲ್ಲರೂ ಗಂಡಸರು, ಐದು ತಿಂಗಳೊಳಗೆ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು. ಮೂಲಿಕೆ ಎಂದು ಮಾರುತ್ತಿದ್ದ ಶಕ್ತಿಮದ್ದುಗಳಲ್ಲೂ ನಕಲಿ ಮಾತ್ರೆಗಳಲ್ಲೂ ಗ್ಲೈಬೆನ್‌ಕ್ಲಮೈಡ್ ಬೆರೆತಿತ್ತು, ನಾವು ಸಕ್ಕರೆ ರೋಗಿಗಳಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಎಚ್ಚರಿಕೆ ಹೇಳಿ ಕೊಡುವ ಮಾತ್ರೆ. ಏಳು ಜನಕ್ಕೆ ಪ್ರಜ್ಞೆ ಮರಳಲಿಲ್ಲ, ಅವರಲ್ಲಿ ನಾಲ್ವರು ತೀರಿಕೊಂಡರು. ನಾಚಿಕೆಯಿಂದ ಗುಟ್ಟಾಗಿ ಕೊಂಡ ಮಾತ್ರೆ ಅದು. ಏನು ತಗೊಂಡೆ ಎಂದು ಡಾಕ್ಟರಿಗೆ ಹೇಳುವುದೂ ಅಂಥವರಿಗೆ ಕಷ್ಟವೇ.

ನಮ್ಮಲ್ಲಿ ಕಾನೂನು ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಲೈಂಗಿಕ ಸುಖದ ಸಾಮರ್ಥ್ಯ ಹೆಚ್ಚಿಸುತ್ತೇವೆ ಎಂಬ ಔಷಧ ಜಾಹೀರಾತನ್ನು ನೇರವಾಗಿ ನಿಷೇಧಿಸುತ್ತದೆ. ಆ ಕಾಯ್ದೆಗೆ 70 ವರ್ಷ ದಾಟಿತು. ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆ ನೋಡಿದರೆ ಹಾಗನ್ನಿಸುವುದಿಲ್ಲ. 'ಗುಪ್ತ ರೋಗ' ಎಂಬ ಆ ಪದವೇ ಅರ್ಧ ವ್ಯಾಪಾರ ಮಾಡಿಕೊಡುತ್ತದೆ. ಗುಪ್ತ ಎಂದ ಮೇಲೆ ಮನೆಯಲ್ಲಿ ಹೇಳುವಂತಿಲ್ಲ, ಡಾಕ್ಟರಿಗೆ ಹೇಳುವಂತಿಲ್ಲ, ಮೋಸ ಹೋದರೆ ಪೊಲೀಸರಿಗೂ ಹೇಳುವಂತಿಲ್ಲ.

ಹುಡುಗರ ಕಥೆ ನೆನೆದರೆ ಹೊಟ್ಟೆ ಕಿವುಚುತ್ತದೆ. ಇಪ್ಪತ್ತು ಇಪ್ಪತ್ತೆರಡು ವಯಸ್ಸು, ಮದುವೆಯಿರಲಿ ಪ್ರೀತಿಯೂ ಆಗಿರುವುದಿಲ್ಲ, 'ಧಾತು ಹೋಗ್ತಿದೆ, ಸುಸ್ತು, ನಾಳೆ ಮದುವೆಯಾದರೆ ಗತಿಯೇನು' ಎಂದು ಬರುತ್ತಾರೆ. ಒಂದು ಹನಿ ವೀರ್ಯಕ್ಕೆ ಎಷ್ಟೋ ಹನಿ ರಕ್ತ ಎಂಬ ಲೆಕ್ಕವನ್ನು ಯಾರೋ ಹಿರಿಯರು ಹೇಳಿರುತ್ತಾರೆ. ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರು ಕೊಟ್ಟರು. ವೀರ್ಯ ದೇಹದಲ್ಲಿ ನಿರಂತರ ಉತ್ಪತ್ತಿಯಾಗುತ್ತದೆ, ಹೋದದ್ದಕ್ಕೆ ದೇಹ ಬಡವಾಗುವುದಿಲ್ಲ ಎಂದು ಹೇಳಿ, ಊಟ ನಿದ್ದೆ ವಿಚಾರಿಸಿ, ಬೇಕಾದರೆ ಮನೋವೈದ್ಯರ ವಿಳಾಸ ಬರೆದುಕೊಡುತ್ತೇನೆ. ಕೆಲವರು ನನ್ನ ಮುಂದೆ ಅತ್ತಿದ್ದಾರೆ. ಅಂಥ ಹುಡುಗನಿಗೆ ಐದು ಸಾವಿರದ ಲೇಹ್ಯ ಮಾರುವವನನ್ನು ಕ್ಷಮಿಸಲು ನನ್ನಿಂದಾಗದು.

ಪ್ರಾಚೀನರನ್ನು ಈ ಮಾರುವವರ ಸಾಲಿಗೆ ಸೇರಿಸಬೇಡಿ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೇ ಅಧ್ಯಾಯವೇ ವಾಜೀಕರಣ, ಅಂದರೆ ಕಾಮಶಕ್ತಿ ಹೆಚ್ಚಿಸುವ ಚಿಕಿತ್ಸೆ. ತುಪ್ಪ, ಹಾಲು, ಉದ್ದು, ಸಕ್ಕರೆಯ ಪಾಕಗಳು ಅಲ್ಲಿ ಬೇಕಾದಷ್ಟಿವೆ. ಆದರೆ ಕೊಳೆಯಾದ ಬಟ್ಟೆಗೆ ಬಣ್ಣ ಹಿಡಿಯದ ಹಾಗೆ, ಮಲಿನವಾದ ದೇಹದಲ್ಲಿ ವೃಷ್ಯಯೋಗಗಳು, ಅಂದರೆ ಕಾಮಶಕ್ತಿಯ ಮದ್ದುಗಳು, ಸಿದ್ಧಿಸುವುದಿಲ್ಲ ಎಂದೂ ಅದೇ ಅಧ್ಯಾಯ ಹೇಳುತ್ತದೆ. ಮೊದಲು ದೇಹ ನೋಡು, ಆಮೇಲೆ ಮದ್ದು. ಚಿಕ್ಕಪ್ಪನ ಲೇಹ್ಯದವರು ಒಂದು ಸಲವೂ ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನಲಿಲ್ಲ. ಸೂತ್ರಸ್ಥಾನದ 25ನೇ ಅಧ್ಯಾಯದಲ್ಲಿ ಯಾವುದರಲ್ಲಿ ಯಾವುದು ಶ್ರೇಷ್ಠ ಎಂಬ ಪಟ್ಟಿಯೊಂದಿದೆ. ಅಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಬರುತ್ತವೆ: 'ಸಂಕಲ್ಪೋ ವೃಷ್ಯಾಣಾಂ, ದೌರ್ಮನಸ್ಯಮವೃಷ್ಯಾಣಾಂ'. ಕಾಮಶಕ್ತಿ ಕೊಡುವುದರಲ್ಲಿ ಮೊದಲನೆಯದು ಮನಸ್ಸಿನ ಬಯಕೆ, ಕೆಡಿಸುವುದರಲ್ಲಿ ಮೊದಲನೆಯದು ಮನಸ್ಸಿನ ಕೊರಗು. ಅಶ್ವಗಂಧವೂ ಅಲ್ಲ, ನಸುಗುನ್ನಿಯೂ ಅಲ್ಲ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ತಲೆಯಾಡಿಸಿ, "ಅದಕ್ಕೇ ಸಾಲ ಇದೆಯಾ ಅಂತ ಕೇಳ್ತಿದ್ದೆ ಕಣೋ" ಅಂದರು.

ಈಗ ನನ್ನ ಕೌಂಟರಿನ ಒಳಬದಿ ಒಂದು ಸ್ಟೂಲು ಇದೆ. ಬಿಪಿ ಮಷೀನು, ಗ್ಲುಕೋಮೀಟರು ಪಕ್ಕದಲ್ಲೇ. ಯಾರಾದರೂ ಮೊದಲು ಜಂಡೂಬಾಮ್ ಕೇಳಿ, ಆಮೇಲೆ ದನಿ ತಗ್ಗಿಸಿ 'ಶಕ್ತಿಗೆ ಏನಾದ್ರೂ' ಅಂದರೆ ಕೂರಿಸುತ್ತೇನೆ. ನಿಮ್ಮ ವಯಸ್ಸು ನಲವತ್ತು ದಾಟಿದ್ದರೆ, ಈ ತೊಂದರೆ ಹೊಸದಾಗಿ ಶುರುವಾಗಿದ್ದರೆ, ಏನನ್ನೂ ನುಂಗುವ ಮುಂಚೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ ಎಂದು ನಿಮಗೂ ಕೈಮುಗಿದು ಕೇಳುತ್ತೇನೆ. ಬಿಪಿ ಮಾತ್ರೆ, ಮನಸ್ಸಿನ ಕಾಯಿಲೆಯ ಮಾತ್ರೆ ತಗೊಳ್ಳುತ್ತಿದ್ದರೆ ಅವುಗಳಿಂದಲೂ ಆಗಿರಬಹುದು. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ಬೇರಿನ ಪುಡಿ ತಗೊಳ್ಳಲೇಬೇಕೆನಿಸಿದರೆ ಡಾಕ್ಟರಿಗೆ ಹೇಳಿ ತಗೊಳ್ಳಿ.

ಚಿಕ್ಕಪ್ಪ ಈಗ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಾರೆ. ಸಕ್ಕರೆ ಹಿಡಿತದಲ್ಲಿದೆ. ಹೃದಯದ ಡಾಕ್ಟರನ್ನು ಕೇಳಿ, ಅವರು ಹೇಳಿದಂತೆ ಚಿಕಿತ್ಸೆಯನ್ನೂ ತಗೊಂಡರು. ಅದರ ವಿವರ ಅವರ ಮನೆಯ ಮಾತು. ಕಳೆದ ಯುಗಾದಿಗೆ ಹೋದಾಗ ಊಟವಾದ ಮೇಲೆ ಈ ಬರಹದ ವಿಷಯ ತೆಗೆದೆ. ಡಬ್ಬಿಗಳನ್ನು ಅಟ್ಟದ ಮೇಲೆ ಹಳೇ ಹಿತ್ತಾಳೆ ಕೊಳಗದೊಳಗೆ ಬಚ್ಚಿಡುತ್ತಿದ್ದೆ, ಮೂರು ವರ್ಷ ಒಬ್ಬರಿಗೂ ಗೊತ್ತಾಗಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಎಲೆ ಎತ್ತುತ್ತಿದ್ದ ಚಿಕ್ಕಮ್ಮ ಅಲ್ಲೇ ನಿಂತರು.

"ದಸರಾ ಗೊಂಬೆ ಇಳಿಸೋವಾಗ ಪ್ರತಿ ವರ್ಷ ಆ ಕೊಳಗ ನಾನೇ ಸರಿಸಿ ಇಡ್ತಿದ್ದೆ" ಅಂದರು. "ಕೇಳಿದ್ರೆ ಇವರು ಬೇಜಾರು ಮಾಡ್ಕೋತಾರೆ ಅಂತ ಸುಮ್ನಿದ್ದೆ."

ಚಿಕ್ಕಪ್ಪ ಅವರ ಕೈಯಿಂದ ಎಲೆಗಳನ್ನು ಇಸಿದುಕೊಂಡು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನೂ ಹೋದರು. ನಾವು ಒಳಗೇ ಇದ್ದೆವು.